ಚಂದಯ್ಯನ ಹಗ್ಗದ ಬೆಲೆ

ಕಾಲ ಕಳೆದಂತೆ ಕೆಲವು ಶಬ್ದಗಳ ಅರ್ಥ ಕುಗ್ಗುತ್ತ ಬರುತ್ತದೆ. ‘ವ್ಯಾಪಾರ’ ಎಂಬುದು ಅಂಥದೊಂದು ಶಬ್ದ. ಸಂಸ್ಕೃತದಲ್ಲಿ ಅದಕ್ಕೆ ಕ್ರಿಯೆ, ತೊಡಗುವಿಕೆ ಎಂಬ ವಿಶಾಲವಾದ ಅರ್ಥವುಂಟು. ‘ಮನೋವ್ಯಾಪಾರ’ ಎನ್ನುವಾಗ ನಾವು ಇಂದಿಗೂ ಬಳಸುವುದು ಆ ಅರ್ಥವನ್ನೇ. ಸಂತೆಯ ಹಾದಿ ಹಿಡಿದ ಮೇಲೆ ಅದು ಕೊಳ್ಳುವುದಕ್ಕೆ, ಮಾರುವುದಕ್ಕೆ ಸೀಮಿತವಾಯಿತು. ‘ಉದ್ಯಮ’ದ ಗತಿಯೂ ಇದೇ. ಮೂಲದಲ್ಲಿ ಪ್ರಯತ್ನ ಎಂದಷ್ಟೇ ಇದ್ದ ಮಾತು ಇಂದು ಬಂಡವಾಳವಿಲ್ಲದವನ ಬಾಯಿಗೆ ನಿಲುಕದಂತಾಗಿದೆ. ಶಬ್ದ ಕುಗ್ಗಿದರೆ ಹೆಚ್ಚೇನೂ ಕೆಡುವುದಿಲ್ಲ. ಅದರೊಡನೆ ಮನಸ್ಸೂ ಕುಗ್ಗಿದರೆ ಕೆಡುತ್ತದೆ. ಸಾರ್ಥಕವಾದ ಕೆಲಸ ಬೇಕೆನ್ನುವವನು ಮೇಷ್ಟರಾಗಬೇಕು, ಹಣ ಬೇಕೆನ್ನುವವನು ಮಂಡಿ ಇಡಬೇಕು, ಎರಡೂ ಬೇಡವೆನ್ನುವವನು ಸರ್ಕಾರಿ ಪರೀಕ್ಷೆಗೆ ಕೂರಬೇಕು ಎಂಬ ವಿಭಾಗವೊಂದು ಕಡೂರು, ತರೀಕೆರೆ, ಅಜ್ಜಂಪುರಗಳ ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಈ ವಿಭಾಗ ನನಗೆ ಒಪ್ಪಿಗೆಯಿಲ್ಲ. ನಮ್ಮ ಸಾಹಿತ್ಯಕ್ಕೂ ಅದು ಒಪ್ಪಿಗೆಯಿರಲಿಲ್ಲ.

ನುಲಿಯ ಚಂದಯ್ಯನ ಕತೆಯನ್ನು ವಾಚಕರು ಬಲ್ಲರು. ಕೆರೆಯಂಚಿನ ಹುಲ್ಲನ್ನು ಕೊಯ್ದು, ಹೊಸೆದು, ಹಗ್ಗ ಮಾಡಿ ಮಾರುವುದು ಆತನ ಕಾಯಕ. ಒಂದು ದಿನ ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ಜಾರಿ ನೀರಿಗೆ ಬಿದ್ದರೂ ಆತ ಕೆಲಸ ನಿಲ್ಲಿಸಲಿಲ್ಲ. ಕೊನೆಗೆ ಲಿಂಗವೇ ಬೇಡಿಕೊಂಡು ಬಂತು. ಉಪನ್ಯಾಸಗಳಲ್ಲಿ ನಾವು ಈ ಭಾಗವನ್ನು ಹೇಳಿ ಚಪ್ಪಾಳೆ ಪಡೆಯುತ್ತೇವೆ. ಅದರ ಮುಂದಿನ ಭಾಗವನ್ನು ಹೇಳುವವರು ಕಡಿಮೆ. ಚಂದಯ್ಯ ಲಿಂಗಕ್ಕೂ ಒಂದು ಕಾಯಕ ಕೊಟ್ಟನಂತೆ: ಹಗ್ಗ ಮಾರಿಕೊಂಡು ಬರುವುದು. ಲಿಂಗ ಬಸವಣ್ಣನ ಬಳಿಗೆ ಹೋಯಿತು. ತಂದವನ ಮಹಿಮೆಯನ್ನು ಅರಿತ ಬಸವಣ್ಣ ಹಗ್ಗದ ಬೆಲೆಗೆ ಎಷ್ಟೋ ಪಾಲು ಮೀರಿ ಹೊನ್ನು ಕೊಟ್ಟ. ಚಂದಯ್ಯನಿಗೆ ಇದರಿಂದ ಸಂತೋಷವಾಗಲಿಲ್ಲ, ಕೋಪ ಬಂತು. ಹಗ್ಗಕ್ಕೆ ಒಂದು ಬೆಲೆಯುಂಟು. ಮಾರಿದವನು ದೇವರೆಂಬ ಕಾರಣಕ್ಕೆ ಅದು ಏರತಕ್ಕದ್ದಲ್ಲ.

ಇದನ್ನು ಭಕ್ತಿಯ ಕತೆಯೆಂದು ಓದುವವರು ಓದಲಿ. ನನಗೆ ಇದು ಅಂಗಡಿಯ ಕತೆಯಾಗಿಯೂ ಕಾಣುತ್ತದೆ. ಚಂದಯ್ಯ ಮಾರಾಟವನ್ನು ಹೀನವೆಂದು ಎಣಿಸಲಿಲ್ಲ. ಹಾಗೆ ಎಣಿಸಿದ್ದರೆ ಲಿಂಗವನ್ನು ಆ ಕೆಲಸಕ್ಕೆ ಕಳುಹಿಸುತ್ತಿರಲಿಲ್ಲ. ಸಂಪಾದನೆಯನ್ನೂ ಆತ ಹಳಿಯಲಿಲ್ಲ. ಬಂದ ಹಣದಿಂದ ದಾಸೋಹ ನಡೆಯಬೇಕಾಗಿತ್ತು. ಆತ ಒಪ್ಪದಿದ್ದದ್ದು ಒಂದನ್ನೇ: ಪದಾರ್ಥದ ಗುಣದಿಂದ ಬಾರದ ಬೆಲೆಯನ್ನು. ಕಲ್ಯಾಣ ಚದುರಿದ ಮೇಲೆ ಈ ಶರಣ ಅಕ್ಕನಾಗಮ್ಮನೊಡನೆ ತರೀಕೆರೆಯ ಕಡೆಯ ಎಣ್ಣೆಹೊಳೆಗೆ ಬಂದನೆಂದು ಪರಂಪರೆ ಹೇಳುತ್ತದೆ. ನೆರೆಯ ಹೊಳಲ್ಕೆರೆ ಸೀಮೆಯ ನುಲೇನೂರಿಗೂ ಆತನ ಹೆಸರಿಗೂ ನಂಟಿದೆ. ಹಗ್ಗ ಹೊಸೆದವನ ನೆನಪು ಉಳಿದಿರುವುದು ನಮ್ಮ ನೆಲದಲ್ಲಿಯೇ ಎಂಬುದು ಸಣ್ಣ ಮಾತಲ್ಲ.

ಏಕೆಂದರೆ ಹಗ್ಗಕ್ಕೆ ಬೇಕಾದ ನಾರು ಇಂದು ನಮ್ಮ ತೋಟಗಳಲ್ಲಿ ರಾಶಿ ಬಿದ್ದಿದೆ. ಕಡೂರಿನ ಬಯಲಿನಲ್ಲಿ ತೆಂಗು ಬೆಳೆಯುವ ಯಾವ ಊರಿಗಾದರೂ ಹೋಗಿ ನೋಡಿ. ಕಾಯಿ ಸುಲಿದ ಮೇಲೆ ಉಳಿದ ಮಟ್ಟೆ ಹಿತ್ತಿಲಲ್ಲಿ ಗುಡ್ಡೆಯಾಗಿ ಒಣಗುತ್ತಿರುತ್ತದೆ. ಅದರಲ್ಲಿ ಸ್ವಲ್ಪ ನೀರೊಲೆಗೆ, ಸ್ವಲ್ಪ ಬೆಂಕಿಗೆ, ಉಳಿದದ್ದು ಲೋಡಿನ ಲೆಕ್ಕದಲ್ಲಿ ಹೊರಗಿನ ನಾರಿನ ಕಾರ್ಖಾನೆಗೆ. ಅದೇ ಮಟ್ಟೆಯಿಂದ ಹಗ್ಗ, ಚಾಪೆ, ಕಾಲೊರಸು ಆಗುತ್ತವೆ. ನಾರು ತೆಗೆದಾಗ ಉದುರುವ ಪುಡಿಯನ್ನು ತೊಳೆದು ಇಟ್ಟಿಗೆಯಂತೆ ಒತ್ತಿ, ಮಣ್ಣಿಗೆ ಬದಲಾಗಿ ಗಿಡ ಬೆಳೆಸುವುದಕ್ಕೆ ವಿದೇಶಗಳಿಗೂ ಕಳುಹಿಸುತ್ತಾರೆ. ಹಾಗೆ ಬೆಳೆದ ಗಿಡದ ಚಿತ್ರವನ್ನು ನಾವು ಮೊಬೈಲಿನಲ್ಲಿ ನೋಡಿ ಮೆಚ್ಚುತ್ತೇವೆ.

ಕಚ್ಚಾ ಪದಾರ್ಥವನ್ನು ಕಳುಹಿಸಿಕೊಟ್ಟು ಸುಮ್ಮನಿರುವುದು ನಮಗೆ ಹಳೆಯ ಅಭ್ಯಾಸ. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರು ಬೆಟ್ಟವಿಳಿದು ಭದ್ರಾವತಿಗೆ ಹೋಯಿತು. ಅಲ್ಲಿ 1923ರಲ್ಲಿ ಕುಲುಮೆ ಹೊತ್ತಿತು, ಊರು ಬೆಳೆಯಿತು. ತರೀಕೆರೆಯಿಂದ ನರಸಿಂಹರಾಜಪುರದ ಕಾಡಿಗೆ ಓಡುತ್ತಿದ್ದ ಪುಟ್ಟ ಟ್ರಾಮ್ ರೈಲು ಇಂದು ಹಿರಿಯರ ಬಾಯಲ್ಲಿ ಉಳಿದ ಮಾತು. ಭದ್ರಾವತಿಯ ಮೇಲೆ ನನಗೆ ಮತ್ಸರವಿಲ್ಲ. ಅದಿರು ನಮ್ಮದು, ಉಕ್ಕು ಅವರದು ಎಂಬ ಏರ್ಪಾಡು ಅಡಿಕೆ, ತೆಂಗು, ಈರುಳ್ಳಿ ಎಲ್ಲಕ್ಕೂ ಹರಡಿದೆ ಎಂಬುದಷ್ಟೇ ನನ್ನ ದುಃಖ.

ಉದ್ಯಮವೆಂದರೆ ಯಾರೂ ಕಾಣದ ಹೊಸ ವಸ್ತುವನ್ನು ಕಂಡುಹಿಡಿಯುವುದು ಎಂದು ತರುಣರು ನಂಬಿದ್ದಾರೆ. ಬೆಂಗಳೂರಿನ ‘ಸ್ಟಾರ್ಟಪ್’ ಸುದ್ದಿಗಳು ಈ ನಂಬಿಕೆಗೆ ನೀರೆರೆಯುತ್ತಿವೆ. ನನ್ನ ಅಭಿಪ್ರಾಯ ಬೇರೆ. ಬೆಳೆದವನಿಗೂ ಬಳಸುವವನಿಗೂ ನಡುವೆ ಎಲ್ಲಿ ಒಂದು ಕೊರತೆಯಿದೆಯೋ ಅಲ್ಲಿ ಉದ್ಯಮ ಕಾದಿದೆ. ಆ ಕೊರತೆಯಿಂದ ಯಾರಾದರೊಬ್ಬರು ನೋಯುತ್ತಿದ್ದರೆ ಅಲ್ಲಿ ಸಾರ್ಥಕ್ಯವೂ ಕಾದಿದೆ. ಕೊಬ್ಬರಿಯನ್ನೇ ನೋಡಿ. ಉಂಡೆ ಕೊಬ್ಬರಿಗಾಗಿ ನಮ್ಮ ರೈತ ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಕಾಯುತ್ತಾನೆ. ಕಾಯುವುದೇ ಅಲ್ಲಿಯ ವಿದ್ಯೆ; ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಬೆಲೆ ಬರುತ್ತದೆ. ಆದರೆ ಅಜ್ಜಂಪುರದ ಈರುಳ್ಳಿ ಕಾಯುವುದಿಲ್ಲ. ಮಳೆಯಲ್ಲಿ ಕಿತ್ತದ್ದು ಮೂಟೆಯಲ್ಲೇ ಕೊಳೆಯುತ್ತದೆ. ಬೆಲೆ ಬಿದ್ದ ದಿನವೂ ಅದು ಲಾರಿ ಹತ್ತಲೇಬೇಕು. ಒಂದೇ ಸೀಮೆಯ ಎರಡು ಬೆಳೆ. ಒಂದಕ್ಕೆ ಅಟ್ಟವಿದೆ, ಇನ್ನೊಂದಕ್ಕಿಲ್ಲ. ಗುಜರಾತಿನ ಮಹುವಾ ಪಟ್ಟಣದವರು ಈರುಳ್ಳಿಯನ್ನು ಹೆಚ್ಚಿ ಒಣಗಿಸಿ ಮಾರುವುದನ್ನೇ ದೊಡ್ಡ ಉದ್ಯಮ ಮಾಡಿಕೊಂಡರು. ಅದರ ಹಿಂದಿರುವ ಯೋಚನೆ ಇಷ್ಟೇ: ಕಾಯಲಾರದ ಪದಾರ್ಥಕ್ಕೆ ಕಾಯುವ ಶಕ್ತಿ ಕೊಡುವುದು. ಅಜ್ಜಂಪುರದಲ್ಲಿ ಗಾಳಿಯಾಡುವ ನಾಲ್ಕು ಒಳ್ಳೆಯ ಉಗ್ರಾಣಗಳನ್ನು ಕಟ್ಟಿ, ರೈತನಿಂದ ನ್ಯಾಯವಾದ ಬಾಡಿಗೆ ಪಡೆಯುವವನು ಚಂದಯ್ಯನ ವಂಶದವನೇ.

ಒಬ್ಬನಿಂದಾಗದಿದ್ದರೆ ಹಲವರು ಸೇರಿ ಮಾಡಬಹುದು. ಶಿವಮೊಗ್ಗದ ಮ್ಯಾಮ್‌ಕೋಸ್ 1939ರಲ್ಲಿ ಹುಟ್ಟಿದ್ದು ಮಲೆನಾಡಿನ ಅಡಿಕೆಯನ್ನು ಬೆಳೆಗಾರರೇ ಕೂಡಿ ಮಾರುವುದಕ್ಕೆ. 1970ರ ಸುಮಾರಿಗೆ ಅಡಿಕೆಯ ಬೆಲೆ ಕುಸಿದು ಕರಾವಳಿಯ ತೋಟಿಗರು ಕಂಗಾಲಾದಾಗ ವಾರಣಾಸಿ ಸುಬ್ರಾಯ ಭಟ್ಟರು ಊರೂರು ಅಲೆದು ಜನರನ್ನು ಕೂಡಿಸಿದರು. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪನೆಯಾಯಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಅದರ ಸದಸ್ಯರು. ಮುಂದೆ ತೋಟದ ಕೋಕೋ ಬೀಜವನ್ನು ಕೊಳ್ಳುವವರಿಲ್ಲದೆ ಇನ್ನೊಂದು ಸಂಕಟ ಬಂದಿತು. ಬೆಳೆ ಬೆಳೆಸಿರೆಂದು ಹುರಿದುಂಬಿಸಿದವರೇ ಕೈಬಿಟ್ಟಾಗ ಸಂಘ ಬೀಜ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟಿನ ಕಾರ್ಖಾನೆಯನ್ನೇ ತೆರೆಯಿತು. ಅಡಿಕೆ ತೋಟದವರು ಚಾಕೊಲೇಟ್ ಮಾಡಿಯಾರೇ ಎಂದು ನಕ್ಕವರು ಇದ್ದಿರಬೇಕು. ಆ ಕಾರ್ಖಾನೆ ಇಂದಿಗೂ ನಡೆಯುತ್ತಿದೆ.

ಅಡಿಕೆಯ ಮಾತು ಬಂದಿತು. ಈ ಸೀಮೆಯಲ್ಲಿ ಕುಳಿತು ಸಾರ್ಥಕವಾದ ದುಡಿಮೆಯ ವಿಚಾರ ಬರೆಯುವವನು ಇಲ್ಲಿ ತಪ್ಪಿಸಿಕೊಂಡು ಹೋಗಲಾಗದು. ತರೀಕೆರೆಯ ಸಿರಿ ಅಡಿಕೆಯದು. ನಮ್ಮ ಕಾಲೇಜುಗಳ ಎಷ್ಟೋ ಮಕ್ಕಳ ಓದಿನ ಹಣ ಬೇಯಿಸಿದ ಕೆಂಪಡಿಕೆಯದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಹೊಗೆಸೊಪ್ಪು ಬೆರೆಸದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥದು ಎಂದು ಹೇಳಿ ಇಪ್ಪತ್ತು ವರ್ಷಗಳ ಮೇಲಾಯಿತು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ತಾಂಬೂಲದ ಗೌರವವನ್ನು ಹೇಳಿ, ಪುರಾಣವನ್ನು ಹೇಳಿ ಈ ಮಾತನ್ನು ತಳ್ಳಿಹಾಕುವ ಭಾಷಣಗಳನ್ನು ನಾನು ಕೇಳಿದ್ದೇನೆ. ಅವು ನನ್ನನ್ನು ಒಪ್ಪಿಸಿಲ್ಲ. ಹಾಗೆಂದು ತೋಟ ಕಡಿಯಿರಿ ಎಂದು ಹೇಳುವುದು, ತಿಂಗಳ ಕೊನೆಗೆ ಸಂಬಳ ಎಣಿಸುವ ಅಧ್ಯಾಪಕನಿಗೆ ಸುಲಭ, ಸಾಲ ತೀರಿಸಬೇಕಾದ ಬೆಳೆಗಾರನಿಗೆ ಅಲ್ಲ. ಬಾಯಿಗೆ ಹೋಗದ ಅಡಿಕೆಯ ದಾರಿ ಯಾವುದು ಎಂದು ಈಗಿನಿಂದಲೇ ಹುಡುಕುವುದು ವಿವೇಕ. ಹಾಳೆಯ ತಟ್ಟೆ ಒಂದು ದಾರಿ. ಅದು ಆಗಲೇ ಬಳಕೆಗೆ ಬಂದಿದೆ. ಅಡಿಕೆ ಬೇಯಿಸಿದ ನೀರು, ನಮ್ಮವರು ಚೊಗರು ಎನ್ನುವ ಆ ಕೆಂಪು ರಸ, ಇನ್ನೊಂದು.

ಆ ಚೊಗರಿನಿಂದ ಬಟ್ಟೆಗೆ ಬಣ್ಣ ಹಾಕಿ ಬದುಕು ಕಟ್ಟಿದವರು ದೂರದವರಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ರಂಗಕರ್ಮಿ ಪ್ರಸನ್ನರ ಮುಂದಾಳುತನದಲ್ಲಿ ಕಟ್ಟಿದ ‘ಚರಕ’ ಮಹಿಳೆಯರ ಸಹಕಾರ ಸಂಘ. ಹಳ್ಳಿಯ ಹೆಣ್ಣುಮಕ್ಕಳು ನೇಯುತ್ತಾರೆ, ಬಣ್ಣ ಹಾಕುತ್ತಾರೆ, ಹೊಲಿಯುತ್ತಾರೆ. ‘ದೇಸಿ’ ಅಂಗಡಿಗಳಲ್ಲಿ ಆ ಅಂಗಿಗಳನ್ನು ಕೊಂಡು ತೊಟ್ಟ ಅಧ್ಯಾಪಕರು ನಮ್ಮಲ್ಲಿ ಅನೇಕರು. ಇದೇ ಚರಕ 2020ರಲ್ಲಿ ತಾನು ತೀವ್ರವಾದ ಆರ್ಥಿಕ ಸಂಕಟದಲ್ಲಿದ್ದೇನೆಂದು ಬಹಿರಂಗವಾಗಿ ಹೇಳಬೇಕಾಯಿತು. ಸಾರ್ಥಕವಾದ ಕೆಲಸ ತನ್ನಷ್ಟಕ್ಕೆ ತಾನೇ ನಡೆದುಕೊಂಡು ಹೋಗುತ್ತದೆಂದು ನಂಬುವ ನಮ್ಮ ಸಾಹಿತ್ಯದವರು ಇದನ್ನು ಗಮನಿಸಬೇಕು. ಉದ್ದೇಶ ಎಷ್ಟು ಶುದ್ಧವಾಗಿದ್ದರೂ ನೂಲಿಗೆ ಹಣ, ಕೂಲಿಗೆ ಹಣ, ಮಾರಾಟವಾಗದೆ ಕುಳಿತ ಸರಕಿಗೆ ಹಣ ಬೇಕೇ ಬೇಕು. ಖಾತೆ ಬರೆಯುವುದನ್ನು ಕೀಳೆಂದು ತಿಳಿಯುವವರ ಆದರ್ಶ ಮೂರು ಮಳೆಗಾಲ ಬಾಳುವುದಿಲ್ಲ.

ಹಾಗಾದರೆ ಖಾತೆಯೇ ಸರ್ವಸ್ವವೇ? ಅದಕ್ಕೂ ಉತ್ತರ ಅಜ್ಜಂಪುರದಲ್ಲಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಾಲುಬೆಣ್ಣೆಗೆಂದು ಆರಂಭವಾದ ‘ಬೆಣ್ಣೆ ಚಾವಡಿ’ ಟಿಪ್ಪುವಿನ ಕಾಲಕ್ಕೆ ‘ಅಮೃತಮಹಲ್’ ಎನಿಸಿತು. ನಮ್ಮ ಸೀಮೆಯ ಕಾವಲುಗಳಲ್ಲಿ ಮೇದು ಬೆಳೆದ ಆ ಎತ್ತುಗಳು ಫಿರಂಗಿಗಳನ್ನೆಳೆದು ಹೆಸರಾದವು. ನೂರೈವತ್ತು ವರ್ಷಗಳಿಗೂ ಮೀರಿ ಆರಿಸಿ, ಕೂಡಿಸಿ, ಕಾಪಾಡಿದ ತಳಿ ಅದು. 1860ರಲ್ಲಿ ಬ್ರಿಟಿಷ್ ಆಡಳಿತ ಖರ್ಚು ಹೆಚ್ಚೆಂದು ಲೆಕ್ಕ ಹಾಕಿ ಹಿಂಡುಗಳನ್ನು ಮಾರಿಬಿಟ್ಟಿತು. ಕಾಗದದ ಮೇಲೆ ಉಳಿತಾಯವಾಯಿತು. ಕೆಲವೇ ವರ್ಷಗಳಲ್ಲಿ ಒಳ್ಳೆಯ ಎತ್ತುಗಳು ಸಿಗದಾದಾಗ ತಪ್ಪು ತಿಳಿಯಿತು. 1866ರಲ್ಲಿ ಚದುರಿದ್ದನ್ನು ಹುಡುಕಿ ತಂದು ಹಿಂಡನ್ನು ಮತ್ತೆ ಕಟ್ಟಬೇಕಾಯಿತು. ಮಾರುವುದಕ್ಕೆ ಒಂದು ಆಜ್ಞೆ ಸಾಕಾಗಿತ್ತು. ತಳಿ ಎಂಬುದು ಆ ಲೆಕ್ಕದ ಪುಸ್ತಕದಲ್ಲಿ ಆಸ್ತಿಯಾಗಿ ಬರೆದಿರಲಿಲ್ಲ, ಮೇವಿನ ಖರ್ಚು ಮಾತ್ರ ಬರೆದಿತ್ತು. ಇಂದು ಅಜ್ಜಂಪುರದ ಸಂವರ್ಧನಾ ಕೇಂದ್ರದಲ್ಲಿ ಆ ತಳಿ ಉಳಿದಿದೆ. ಕಾವಲುಗಳು ಬಹಳ ಮಟ್ಟಿಗೆ ಕರಗಿವೆ, ಎತ್ತಿನ ಕೆಲಸವನ್ನು ಟ್ರ್ಯಾಕ್ಟರು ಕಸಿದಿದೆ. ಆದರೂ ಹೋರಿಕರುಗಳ ಹರಾಜಿಗೆ ದೂರದ ಜಿಲ್ಲೆಗಳಿಂದ ರೈತರು ಬರುತ್ತಾರೆ, ಪೈಪೋಟಿಯಲ್ಲಿ ಕೂಗುತ್ತಾರೆ. ಹೆಸರಿಗೆ ಇರುವ ಬೆಲೆ ಅದು.

ಹೆಸರಿನ ವಿಷಯದಲ್ಲಿ ನಾವು ಬಡವರು. 2019ರಲ್ಲಿ ಬಾಬಾಬುಡನ್‌ಗಿರಿಯ ಕಾಫಿಗೂ ಚಿಕ್ಕಮಗಳೂರಿನ ಕಾಫಿಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಶಿರಸಿಯ ಅಡಿಕೆಗೂ ಅದೇ ವರ್ಷ. ಬೆಟ್ಟದ ಮೇಲಿನವರಿಗೆ ಹೆಸರು ಬಂತು, ಕೆಳಗಿನ ಬಯಲಿನ ಸರಕು ಇಂದಿಗೂ ಕೊಂಡವನ ಗುರುತು ಒತ್ತಿದ ಚೀಲದಲ್ಲಿ ಹೋಗುತ್ತದೆ. ಇದು ಹೀಗೆಯೇ ಇರಬೇಕೆಂದೇನೂ ಇಲ್ಲ. ತರೀಕೆರೆಗೆ ಹತ್ತಿರದ ಅಮೃತಾಪುರದಲ್ಲಿ, 1196ರ ಅಮೃತೇಶ್ವರ ದೇವಾಲಯದಲ್ಲಿ, ಶಾಸನದ ಪದ್ಯಗಳನ್ನು ಬರೆದವನು ಜನ್ನ. ಕಲ್ಲನ್ನು ಕೆತ್ತಿದವರಲ್ಲಿ ಒಬ್ಬ ಮಲ್ಲಿತಮ್ಮ. ಜನ್ನನನ್ನು ನಾವು ಪಾಠ ಮಾಡುತ್ತೇವೆ. ಮಲ್ಲಿತಮ್ಮನನ್ನು ಮಾಡುವುದಿಲ್ಲ. ಆತ ತನ್ನ ಕೆಲಸದ ಕೆಳಗೆ ಹೆಸರು ಕೊರೆದ. ಆ ಹೆಸರು ಮುಂದೆ ದೂರದ ಸೋಮನಾಥಪುರದ ಗೋಡೆಯ ಮೇಲೂ ಕಾಣುತ್ತದೆ. ಕೂಲಿ ಪಡೆದೇ ಕೆತ್ತಿರಬೇಕು. ಕೂಲಿಯೂ ಹೆಸರೂ ಒಂದೇ ಕಲ್ಲಿನಲ್ಲಿ ಇರಬಹುದೆಂದು ಆತನಿಗೆ ಗೊತ್ತಿತ್ತು.

ನಮ್ಮ ಮೂರೂ ಊರುಗಳ ವಾಣಿಜ್ಯ ವಿಭಾಗದ ಗೆಳೆಯರಿಗೆ ಒಂದು ಸೂಚನೆ ಮಾಡಿ ಮುಗಿಸುತ್ತೇನೆ. ಕನ್ನಡ ಮೇಷ್ಟರಿಗೆ ಇದರ ಉಸಾಬರಿ ಏಕೆಂದು ಅವರು ಕೇಳಲಾರರೆಂದು ನಂಬಿದ್ದೇನೆ. ಬಿ.ಕಾಂ. ಓದುವ ಹುಡುಗ ಹುಡುಗಿಯರನ್ನು ಈ ಬೇಸಗೆಯ ರಜೆಯಲ್ಲಿ ತಮ್ಮ ತಮ್ಮ ಊರಿಗೆ ಒಂದು ನೋಟುಬುಕ್ಕಿನೊಡನೆ ಕಳುಹಿಸಿರಿ. ಊರಿನಲ್ಲಿ ವರ್ಷಕ್ಕೆ ಎಷ್ಟು ಮಟ್ಟೆ ಬೀಳುತ್ತದೆ, ಎಷ್ಟು ಸುಡುತ್ತಾರೆ, ಲೋಡಿಗೆ ಎಷ್ಟು ಕೊಡುತ್ತಾರೆ, ಅದೇ ಲೋಡಿನ ನಾರು ಹೊರಗಡೆ ಎಷ್ಟಕ್ಕೆ ಮಾರುತ್ತದೆ ಎಂದು ಬರೆದುಕೊಂಡು ಬರಲಿ. ಕೊನೆಯಲ್ಲಿ ಒಂದು ಅಂಕಣ ಹೆಚ್ಚಿಗೆ ಇರಲಿ: ಆ ನಾರನ್ನು ಊರಿನಲ್ಲಿಯೇ ತೆಗೆದು ಹೊಸೆದರೆ, ಯಂತ್ರದ ಸಾಲದ ಕಂತು ಕಳೆದು, ಹೊಸೆಯುವ ಹೆಂಗಸಿಗೆ ದಿನಕ್ಕೆ ಎಷ್ಟು ಕೂಲಿ ಕೊಡಬಹುದು ಎಂಬುದು.