ಅಡಿಕೆಗೆ ಹೋದ ಮಾನ, ಜಾಹೀರಾತಿನ ಕ್ಷಮೆ

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದು ನಮ್ಮ ಹಿರಿಯರು ಬಾಳಿನಿಂದ ಕಲಿತು ನಮಗೆ ಬಿಟ್ಟುಹೋದ ಗಾದೆ. ಮಾನವೆಂಬುದು ನಡತೆಯ ನೆರಳು. ನಡತೆ ಡೊಂಕಾದರೆ ನೆರಳೂ ಡೊಂಕಾಗುತ್ತದೆ, ನೆರಳನ್ನಷ್ಟೇ ನೆಟ್ಟಗೆ ಮಾಡಲು ಯಾರಿಂದಲೂ ಆಗದು ಎಂಬ ಅರಿವು ಅದರಲ್ಲಿದೆ. ಇಂದಿನ ಮಾರುಕಟ್ಟೆಯಾದರೋ ಈ ಗಾದೆಯನ್ನು ತಲೆಕೆಳಗು ಮಾಡಿದೆ. ಆನೆಯಷ್ಟು ದೊಡ್ಡ ತಪ್ಪಿನಿಂದ ಹೋದ ಮಾನವನ್ನು ಅಡಿಕೆಯಷ್ಟು ಕ್ಷಮೆಯಿಂದ ಮರಳಿ ಕೊಳ್ಳಬಹುದೆಂದು ಅದು ನಂಬಿದೆ. ಅದಕ್ಕೆಂದೇ ನುರಿತ ಸಲಹೆಗಾರರಿದ್ದಾರೆ, ಸಂಸ್ಥೆಗಳಿವೆ, ಭಾರಿ ಶುಲ್ಕವೂ ಇದೆ. ಈ ವಿದ್ಯೆಗೆ ಅವರು 'ಬಿಕ್ಕಟ್ಟಿನ ನಿರ್ವಹಣೆ' ಎಂದು ಹೆಸರಿಟ್ಟಿದ್ದಾರೆ. ಆ ಹೆಸರನ್ನೇ ಸ್ವಲ್ಪ ಗಮನಿಸಿರಿ. ಜನ ತಿನ್ನುವ ವಸ್ತು ಕೆಟ್ಟಿತ್ತು ಎಂಬುದು ಬಿಕ್ಕಟ್ಟಲ್ಲ. ಅದು ಪತ್ರಿಕೆಯ ಮುಖಪುಟಕ್ಕೆ ಬಂತು ಎಂಬುದು ಬಿಕ್ಕಟ್ಟು. ನಿರ್ವಹಿಸಬೇಕಾದುದು ಗಾಯವನ್ನಲ್ಲ, ಗಾಯದ ಸುದ್ದಿಯನ್ನು!

ಇದನ್ನು ನಾವು ಲಘುವಾಗಿ ತೆಗೆದುಕೊಳ್ಳಬಾರದು. ಕ್ಷಮೆಯೇ ಸರಕಾಗಿಬಿಟ್ಟರೆ ಪೆಟ್ಟು ತಿಂದವನಿಗೆ ನ್ಯಾಯ ದೊರಕುವುದಿಲ್ಲ. ಅಷ್ಟೇ ಅಲ್ಲ, ದೂರದರ್ಶನದ ಮುಂದೆ ಕುಳಿತು ಇದನ್ನೆಲ್ಲ ನೋಡುವ ನಮ್ಮ ಮಕ್ಕಳು ತಪ್ಪು ಮಾಡುವುದೇ ಬೇರೆ, ಸಿಕ್ಕಿಬೀಳುವುದೇ ಬೇರೆ ಎಂಬ ವಿವೇಕವನ್ನು ಕಳೆದುಕೊಳ್ಳುತ್ತಾರೆ.

ಈ ವಿದ್ಯೆಯ ಮೊದಲ ಪಾಠ, ಬೇರೆಯವರತ್ತ ಬೆರಳು ತೋರಿಸುವುದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. 1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೊಸಯನೇಟ್ ಎಂಬ ವಿಷಾನಿಲ ಸೋರಿತು. ನಿದ್ದೆಯಲ್ಲಿದ್ದ ನಗರದಲ್ಲಿ ಸಾವಿರಾರು ಜನ ಸತ್ತರು. ಬದುಕುಳಿದ ಲಕ್ಷಾಂತರ ಜನ ಕಣ್ಣು, ಶ್ವಾಸಕೋಶಗಳ ಬೇನೆ ಹೊತ್ತು ಬಾಳಿದರು. ಭಾರತಕ್ಕೆ ಬಂದ ಕಂಪನಿಯ ಮುಖ್ಯಸ್ಥ ವಾರೆನ್ ಆಂಡರ್ಸನ್ ಬಂಧನಕ್ಕೊಳಗಾಗಿ, ಕೂಡಲೇ ಜಾಮೀನು ಪಡೆದು ದೇಶ ಬಿಟ್ಟರು. 2014ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯ ನ್ಯಾಯಾಲಯದ ಕಟಕಟೆಗೆ ಬರಲಿಲ್ಲ. ಸುರಕ್ಷತಾ ವ್ಯವಸ್ಥೆಯ ಲೋಪಗಳ ಬಗ್ಗೆ ಲೋಕವೇ ಪ್ರಶ್ನಿಸುತ್ತಿರುವಾಗ, ಅತೃಪ್ತ ಕೆಲಸಗಾರನೊಬ್ಬ ಬೇಕೆಂದೇ ಟ್ಯಾಂಕಿಗೆ ನೀರು ಬಿಟ್ಟನೆಂಬ ವಾದವನ್ನು ಕಂಪನಿ ಮುಂದಿಟ್ಟಿತು. 1989ರಲ್ಲಿ 47 ಕೋಟಿ ಡಾಲರ್‌ಗೆ ಒಪ್ಪಂದವಾಯಿತು. 2001ರಲ್ಲಿ ಡೌ ಕೆಮಿಕಲ್ ಸಂಸ್ಥೆ ಯೂನಿಯನ್ ಕಾರ್ಬೈಡನ್ನು ಕೊಂಡಿತು. ಹಳೆಯ ಹೊಣೆ ತನ್ನದಲ್ಲವೆಂದು ಹೇಳಿತು. 2010ರಲ್ಲಿ ಭಾರತೀಯ ಅಧಿಕಾರಿಗಳಿಗೆ ಆದ ಶಿಕ್ಷೆ ಎರಡು ವರ್ಷ. ಕಾರ್ಖಾನೆಯ ಆವರಣದಲ್ಲಿ ಉಳಿದಿದ್ದ 337 ಟನ್ ವಿಷತ್ಯಾಜ್ಯ ಆ ಊರಿನಿಂದ ಹೊರಹೋದದ್ದು 2025ರ ಜನವರಿಯಲ್ಲಿ, ನಲವತ್ತು ವರ್ಷಗಳ ಬಳಿಕ! ಕಂಪನಿಯ ಹೆಸರನ್ನು ಉಳಿಸಲು ಎಷ್ಟು ಬುದ್ಧಿ, ಎಷ್ಟು ವಕೀಲರು, ಎಷ್ಟು ಹಣ. ಅದರಲ್ಲಿ ಒಂದು ಪಾಲು ಮೊದಲೇ ಆ ಟ್ಯಾಂಕಿನ ಸುರಕ್ಷತೆಗೆ ಸಂದಿದ್ದರೆ?

ಎರಡನೆಯ ಪಾಠ, ಪ್ರಸಿದ್ಧರ ಮುಖವನ್ನು ಸಾಲ ಪಡೆಯುವುದು. 2003ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಇಲಾಖೆಗೆ ಕ್ಯಾಡ್ಬರಿ ಚಾಕೊಲೇಟಿನಲ್ಲಿ ಹುಳುಗಳು ದೊರೆತವು. ಅಂಗಡಿಗಳಲ್ಲಿ ಸರಿಯಾಗಿ ಇಡದಿರುವುದೇ ಕಾರಣ ಎಂಬುದು ಕಂಪನಿಯ ಮೊದಲ ಉತ್ತರ. ಬಳಿಕ ಅದು ಹೊದಿಕೆಯನ್ನು ಬದಲಿಸಿ ಬಿಗಿ ಮಾಡಿತು; ಅದು ಒಳ್ಳೆಯ ಕೆಲಸ, ಒಪ್ಪೋಣ. ಆದರೆ ಜನರ ನಂಬಿಕೆಯನ್ನು ಮರಳಿ ತಂದದ್ದು ಹೊದಿಕೆಗಿಂತ ಹೆಚ್ಚಾಗಿ 2004ರಲ್ಲಿ ಜಾಹೀರಾತಿನಲ್ಲಿ ಕಾಣಿಸಿಕೊಂಡ ಅಮಿತಾಭ್ ಬಚ್ಚನ್ ಅವರ ಗಂಭೀರ ಧ್ವನಿ. ನಟರೊಬ್ಬರು ಕಾರ್ಖಾನೆಯ ಶುಚಿತ್ವಕ್ಕೆ ಸಾಕ್ಷಿಯಾಗುವುದು ಹೇಗೆ ಎಂದು ನಾವು ಕೇಳಲಿಲ್ಲ. ಅವರು ಹೇಳಿದರು, ನಾವು ನಂಬಿದೆವು.

ಮೂರನೆಯದು ಇನ್ನೂ ಕ್ರೂರ: ಸತ್ಯ ಹೇಳಿದವನ ಬಾಯಿ ಮುಚ್ಚಿಸುವುದು. ಸೈಕಲ್ ಸ್ಪರ್ಧೆಯ ವೀರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1999ರಿಂದ 2005ರವರೆಗೆ ಸತತ ಏಳು ಬಾರಿ ಟೂರ್ ದ ಫ್ರಾನ್ಸ್ ಗೆದ್ದರು. ಉದ್ದೀಪನ ಮದ್ದಿನ ಬಗ್ಗೆ ಬಾಯಿಬಿಟ್ಟವರನ್ನು ನ್ಯಾಯಾಲಯಕ್ಕೆ ಎಳೆದರು. ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆ 2006ರಲ್ಲಿ ಅವರಿಗೆ ಹಣ ತೆತ್ತು ರಾಜಿಯಾಗಬೇಕಾಯಿತು. 2012ರಲ್ಲಿ ಪ್ರಶಸ್ತಿಗಳೆಲ್ಲ ಕಳಚಿಬಿದ್ದವು. 2013ರ ಜನವರಿಯಲ್ಲಿ ಆಪ್ರಾ ವಿನ್‌ಫ್ರೀಯವರ ದೂರದರ್ಶನ ಕಾರ್ಯಕ್ರಮದಲ್ಲಿ ಅವರು ತಪ್ಪೊಪ್ಪಿಕೊಂಡರು. ಆ ಒಪ್ಪಿಗೆಯನ್ನು ಲೋಕವೆಲ್ಲ ನೋಡಿತು. ಆದರೆ ಅಷ್ಟು ವರ್ಷ ಸುಳ್ಳುಗಾರರೆಂಬ ಹಣೆಪಟ್ಟಿ ಹೊತ್ತು ಬದುಕಿದ ಸತ್ಯವಂತರ ದಿನಗಳನ್ನು ಯಾರು ತಾನೇ ಹಿಂದಿರುಗಿಸಬಲ್ಲರು?

ನಾಲ್ಕನೆಯದು ಮಾತಿನ ಚಮತ್ಕಾರ. ಇವರ ಕ್ಷಮಾಪತ್ರಗಳ ವ್ಯಾಕರಣವನ್ನು ಬಿಡಿಸಿ ನೋಡಿರಿ. 'ತಪ್ಪು ಮಾಡಿದೆವು' ಎಂದು ಬರೆಯುವುದಿಲ್ಲ. 'ನಡೆಯಬಾರದ್ದು ನಡೆದಿದೆ' ಎಂದು ಬರೆಯುತ್ತಾರೆ. ಕ್ರಿಯಾಪದವಿದೆ, ಕರ್ತೃವಿಲ್ಲ. 'ನಿಮಗೆ ನೋವು ಮಾಡಿದೆವು' ಎನ್ನುವುದಿಲ್ಲ. 'ಯಾರಿಗಾದರೂ ನೋವಾಗಿದ್ದರೆ' ಎನ್ನುತ್ತಾರೆ. ನೋವಾಗಿದ್ದು ಅವರ ಅತಿ ಸೂಕ್ಷ್ಮ ಮನಸ್ಸಿನ ದೋಷವೆಂಬಂತೆ! ಈ 'ದರೆ' ಎಂಬ ಪ್ರತ್ಯಯ ಇಂದಿನ ಸಾರ್ವಜನಿಕ ಜೀವನದ ಅತಿ ದೊಡ್ಡ ಆಶ್ರಯತಾಣವಾಗಿದೆ.

ಕ್ಷಮೆಗೆ ಗಾತ್ರವೂ ಇರುತ್ತದೆ ಎಂಬುದನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವೇ 2024ರಲ್ಲಿ ನೆನಪಿಸಿತು. ರೋಗಗಳನ್ನು ವಾಸಿಮಾಡುವುದಾಗಿ ದಾರಿ ತಪ್ಪಿಸುವ ಜಾಹೀರಾತು ನೀಡುವುದಿಲ್ಲವೆಂದು ಪತಂಜಲಿ ಸಂಸ್ಥೆ 2023ರ ನವೆಂಬರ್‌ನಲ್ಲಿ ನ್ಯಾಯಾಲಯಕ್ಕೆ ಮಾತು ಕೊಟ್ಟಿತ್ತು. ಆ ಮಾತು ಮುರಿದ ಕಾರಣ ನ್ಯಾಯಾಂಗ ನಿಂದನೆಯ ನೋಟಿಸ್ ಬಂತು. 2024ರ ಏಪ್ರಿಲ್‌ನಲ್ಲಿ ಸಲ್ಲಿಸಿದ ಕ್ಷಮಾಪಣೆಯನ್ನು ನ್ಯಾಯಪೀಠ ಒಪ್ಪಲಿಲ್ಲ. ನಂತರ 67 ಪತ್ರಿಕೆಗಳಲ್ಲಿ ಕ್ಷಮಾಪಣೆ ಪ್ರಕಟವಾದಾಗ, ನಿಮ್ಮ ಮಾಮೂಲಿ ಜಾಹೀರಾತಿನಷ್ಟೇ ದೊಡ್ಡದಾಗಿ ಇದನ್ನೂ ಹಾಕಿಸಿದ್ದೀರಾ ಎಂದು ನ್ಯಾಯಾಧೀಶರು ಕೇಳಿದರು. ಅದಾದ ಮೇಲೆ ಕ್ಷಮಾಪಣೆ ದೊಡ್ಡದಾಗಿ ಅಚ್ಚಾಯಿತು. ಆಗಸ್ಟ್‌ನಲ್ಲಿ ನ್ಯಾಯಾಲಯ ಅದನ್ನು ಸ್ವೀಕರಿಸಿ ಪ್ರಕರಣವನ್ನು ಮುಗಿಸಿತು. ಆ ಪ್ರಶ್ನೆ ಕೇವಲ ಒಂದು ಸಂಸ್ಥೆಗೆ ಸೇರಿದ್ದಲ್ಲ. ಹೊಗಳಿಕೆಗೆ ಇಡೀ ಪುಟ, ತಪ್ಪೊಪ್ಪಿಗೆಗೆ ಮೂಲೆಯ ನಾಲ್ಕು ಸಾಲು ಎಂಬುದು ಎಲ್ಲರ ಪದ್ಧತಿ.

ಇದೆಲ್ಲ ದೂರದ ಮಾತೆನ್ನುವಂತಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಹದಿನೆಂಟು ವರ್ಷಗಳ ಬಳಿಕ ಐಪಿಎಲ್ ಗೆದ್ದ ಆರ್‌ಸಿಬಿ ತಂಡವನ್ನು ಕಣ್ತುಂಬ ನೋಡಲು ಬಂದ ಜನ ಅವರು, ಬಹುತೇಕ ಎಳೆಯ ವಯಸ್ಸಿನವರು. ಹೊರಗೆ ಜನ ಸಾಯುತ್ತಿರುವಾಗ ಒಳಗೆ ಸಂಭ್ರಮ ನಡೆದೇ ಇತ್ತು. ಮರುದಿನದಿಂದ ನಡೆದದ್ದೇನು? ಸರ್ಕಾರ, ಪೊಲೀಸ್, ಕ್ರಿಕೆಟ್ ಸಂಸ್ಥೆ, ತಂಡದ ಮಾಲೀಕರು, ಕಾರ್ಯಕ್ರಮದ ಆಯೋಜಕರು, ಒಬ್ಬರು ಇನ್ನೊಬ್ಬರನ್ನು ತೋರಿಸಿದರು. ತಂಡ ಮೊದಲು ತಲಾ ಹತ್ತು ಲಕ್ಷ ರೂಪಾಯಿ ಘೋಷಿಸಿತು. ಸಾಮಾಜಿಕ ಜಾಲತಾಣದಲ್ಲಿ ಸುಮಾರು ಮೂರು ತಿಂಗಳು ಮೌನವಾಗಿದ್ದು, ಆಗಸ್ಟ್ ಕೊನೆಯಲ್ಲಿ ತಲಾ 25 ಲಕ್ಷ ಕೊಡುವುದಾಗಿ ತಿಳಿಸಿತು. ಹಣ ಬೇಡವೆನ್ನುತ್ತಿಲ್ಲ, ಕೊಟ್ಟದ್ದು ಸರಿ. ಆದರೆ ಮಗನನ್ನೋ ಮಗಳನ್ನೋ ಮಣ್ಣು ಮಾಡಿ ಬಂದ ತಾಯಿ ಮೊದಲು ಕೇಳಲು ಬಯಸುವುದು 'ಇದು ನಮ್ಮ ತಪ್ಪು' ಎಂಬ ಮೂರು ಪದಗಳನ್ನು. ಹೊಣೆಯನ್ನು ಹತ್ತು ಭಾಗ ಮಾಡಿ ಹಂಚಿದರೆ ಒಂದು ಭಾಗವೂ ಯಾರ ಪಾಲಿಗೂ ಬೀಳುವುದಿಲ್ಲ.

ಇದಕ್ಕೊಂದು ಪ್ರತಿವಾದವಿದೆ, ಅದನ್ನು ಅಲಕ್ಷಿಸುವುದು ನ್ಯಾಯವಲ್ಲ. ಆರೋಪಗಳೆಲ್ಲ ನಿಜವೇ? ಕಂಪನಿಯ ಹೆಸರು ಕೆಟ್ಟರೆ ಸಾವಿರಾರು ಕಾರ್ಮಿಕರ ಮನೆಯ ಒಲೆ ಆರುವುದಿಲ್ಲವೇ? 2015ರಲ್ಲಿ ಮ್ಯಾಗಿ ನೂಡಲ್ಸ್‌ನಲ್ಲಿ ಸೀಸದ ಅಂಶ ಮಿತಿಮೀರಿದೆ ಎಂದು ದೇಶಾದ್ಯಂತ ನಿಷೇಧವಾಯಿತು. ನೆಸ್ಲೆ ಕಂಪನಿ ಸಾವಿರಾರು ಟನ್ ಸರಕನ್ನು ನಾಶಪಡಿಸಿತು. ಆಗಸ್ಟ್‌ನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ, ಕಂಪನಿಯ ಮಾತನ್ನು ಕೇಳದೆ ನಿಷೇಧಿಸಿದ್ದು ತಪ್ಪೆಂದು ಆ ಆದೇಶವನ್ನು ರದ್ದುಮಾಡಿ ಮರುಪರೀಕ್ಷೆಗೆ ಸೂಚಿಸಿತು. ಮಾನ್ಯತೆ ಪಡೆದ ಮೂರು ಪ್ರಯೋಗಾಲಯಗಳಲ್ಲಿ ಸೀಸ ಮಿತಿಯೊಳಗೇ ಇದ್ದುದು ಕಂಡು, ನಮ್ಮ ನಂಜನಗೂಡಿನ ಕಾರ್ಖಾನೆಯೂ ಸೇರಿದಂತೆ ಉತ್ಪಾದನೆ ಮತ್ತೆ ಆರಂಭವಾಯಿತು. ಆದ್ದರಿಂದ ಆರೋಪಿಗೆ ಉತ್ತರಿಸುವ ಹಕ್ಕು ಇದೆ, ಇರಲೇಬೇಕು. ಮತ್ತೊಬ್ಬರ ಒಳ್ಳೆಯ ಹೆಸರನ್ನು ಸುಳ್ಳಿನಿಂದ ಕೆಡಿಸುವುದು ಕಳ್ಳತನದಷ್ಟೇ ಪಾಪ. ಆದರೆ ಉತ್ತರ ಬರಬೇಕಾದುದು ಸಾಕ್ಷ್ಯದ ರೂಪದಲ್ಲಿ, ಪ್ರಯೋಗಾಲಯದಿಂದ. ನಿರಪರಾಧಿಗೆ ಪುರಾವೆ ಸಾಕು; ಅಪರಾಧಿಗೆ ಪಶ್ಚಾತ್ತಾಪ ಬೇಕು. ಈ ಎರಡಕ್ಕೂ ತಾರೆಯರ ನಗು ಬದಲಿಯಾಗಲಾರದು.

ಇನ್ನೂ ಒಂದು ಮಾತು. ಪ್ರಾಮಾಣಿಕತೆಯೇ ಲಾಭಕರ ಎಂದು ಈ ವಿದ್ಯೆಯ ಗುರುಗಳೂ ಬೋಧಿಸುತ್ತಾರೆ. ಅದಕ್ಕೆ ಅವರು ಕೊಡುವ ದೃಷ್ಟಾಂತ 1982ರದು. ಅಮೆರಿಕದ ಶಿಕಾಗೊ ಸುತ್ತಮುತ್ತ ಯಾರೋ ಕಿಡಿಗೇಡಿ ಟೈಲೆನಾಲ್ ಮಾತ್ರೆಗಳಿಗೆ ಸಯನೈಡ್ ಬೆರೆಸಿ ಏಳು ಜನ ಸತ್ತರು. ತಪ್ಪು ಕಂಪನಿಯದಲ್ಲ. ಆದರೂ ಜಾನ್ಸನ್ ಅಂಡ್ ಜಾನ್ಸನ್ ಸುಮಾರು 3.1 ಕೋಟಿ ಸೀಸೆಗಳನ್ನು ಹಿಂದಕ್ಕೆ ಪಡೆಯಿತು, ಜನರಿಗೆ ಎಚ್ಚರಿಕೆ ಕೊಟ್ಟಿತು, ತೆರೆದರೆ ತಿಳಿಯುವಂಥ ಹೊಸ ಮುಚ್ಚಳಗಳೊಡನೆ ಮರಳಿತು. ಕಳೆದುಕೊಂಡ ಮಾರುಕಟ್ಟೆಯನ್ನೂ ಗಳಿಸಿತು. ಮೆಚ್ಚಬೇಕಾದ ನಡೆಯೇ. ಆದರೆ ಅದೇ ಕಂಪನಿಯ ಮಕ್ಕಳ ಪೌಡರಿನ ಕಥೆ ಓದಿರಿ. ಅದರ ಟಾಲ್ಕ್‌ನಲ್ಲಿ ಕಲ್ನಾರಿನ ಅಂಶ ಆಗಾಗ ಕಂಡುಬಂದದ್ದು ಕಂಪನಿಗೆ ದಶಕಗಳಿಂದ ಗೊತ್ತಿತ್ತೆಂದು ರಾಯಿಟರ್ಸ್ ಸುದ್ದಿಸಂಸ್ಥೆ 2018ರಲ್ಲಿ ವರದಿ ಮಾಡಿತು. ಕಂಪನಿ ಇದನ್ನು ನಿರಾಕರಿಸುತ್ತಲೇ ಬಂದಿದೆ. ಸಾವಿರಾರು ಮೊಕದ್ದಮೆಗಳು ಮೇಲೆ ಬಿದ್ದಾಗ, ಅವುಗಳ ಹೊಣೆಯನ್ನು ಒಂದು ಉಪಸಂಸ್ಥೆಗೆ ವರ್ಗಾಯಿಸಿ ಆ ಉಪಸಂಸ್ಥೆಯನ್ನು ದಿವಾಳಿ ಎನ್ನಿಸುವ ಯತ್ನ 2021ರಿಂದ ಮೂರು ಬಾರಿ ನಡೆಯಿತು. ಮೂರು ಬಾರಿಯೂ ನ್ಯಾಯಾಲಯಗಳು ಒಪ್ಪಲಿಲ್ಲ. ಟಾಲ್ಕ್ ಪೌಡರನ್ನು ಅಮೆರಿಕದಲ್ಲಿ 2020ರಲ್ಲಿ ನಿಲ್ಲಿಸಿದ ಕಂಪನಿ ಜಗತ್ತಿನ ಇತರೆಡೆ ನಿಲ್ಲಿಸಿದ್ದು 2023ರಲ್ಲಿ. ಒಂದೇ ಮನೆಯ ಎರಡು ನಡೆಗಳಿವು. ಲಾಭಕ್ಕಾಗಿ ಸತ್ಯ ನುಡಿಯುವವನು ನಷ್ಟ ಕಂಡ ದಿನ ಸತ್ಯವನ್ನು ಬಿಡುತ್ತಾನೆ. ಸತ್ಯಕ್ಕೆ ಲಾಭದ ಊರುಗೋಲು ಕೊಟ್ಟರೆ ಅದು ಕುಂಟುವುದೇ ಸರಿ.

ಇಷ್ಟು ಬರೆದು ನಮ್ಮ ಮನೆಯ ವಿಷಯದಲ್ಲಿ ಸುಮ್ಮನಿದ್ದರೆ ಈ ಲೇಖನಕ್ಕೂ ಬೆಲೆಯಿರದು. 2002ರಲ್ಲಿ ಅಮೆರಿಕದ ಬಾಸ್ಟನ್ ಗ್ಲೋಬ್ ಪತ್ರಿಕೆ ಪ್ರಕಟಿಸಿದ್ದು, ಮಕ್ಕಳ ಮೇಲೆ ದೌರ್ಜನ್ಯವೆಸಗಿದ ಯಾಜಕರನ್ನು ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ವರ್ಗಾಯಿಸಿ ಮುಚ್ಚಿಟ್ಟ ಕಥೆಯನ್ನು. ಆ ವರ್ಷಾಂತ್ಯಕ್ಕೆ ಕಾರ್ಡಿನಲ್ ಬರ್ನಾರ್ಡ್ ಲಾ ರಾಜೀನಾಮೆ ನೀಡಿದರು. ಧರ್ಮಸಭೆಯ ಮಾನ ಉಳಿಸಬೇಕೆಂಬ ಹೆಸರಿನಲ್ಲೇ ಅದೆಲ್ಲ ನಡೆದಿತ್ತು. ಮಾನ ಉಳಿಯಿತೇ? ಮಕ್ಕಳಂತೂ ಉಳಿಯಲಿಲ್ಲ. ಕಂಪನಿಯ ಕಚೇರಿಯಲ್ಲಿ ನಡೆದರೆ ವಂಚನೆ ಎನಿಸುವುದು ಪವಿತ್ರ ಗೋಡೆಗಳ ಒಳಗೆ ನಡೆದರೆ ವಿವೇಕವಾಗುವುದಿಲ್ಲ. ಅದು ಇನ್ನೂ ಘೋರವಾದ ವಂಚನೆ.

ಹಾಗಾದರೆ ನಿಜವಾದ ಕ್ಷಮೆಯ ಗುರುತೇನು? ಪಾಪನಿವೇದನೆಯ ಸಂಸ್ಕಾರಕ್ಕೆ ಸಿದ್ಧರಾಗುವ ನಮ್ಮ ಮಕ್ಕಳಿಗೇ ಅದು ತಿಳಿದಿದೆ: ದುಃಖ, ನಿವೇದನೆ, ಪ್ರಾಯಶ್ಚಿತ್ತ. ಶುಭಸಂದೇಶದ ಜಕ್ಕಾಯ ಹೇಳಿಕೆ ಹೊರಡಿಸಲಿಲ್ಲ. ಮೋಸದಿಂದ ಪಡೆದಿದ್ದರೆ ನಾಲ್ಕು ಪಟ್ಟು ಹಿಂದಿರುಗಿಸುವುದಾಗಿ ಹೇಳಿದ. ಪಾನ್ ಮಸಾಲೆ ಕಂಪನಿಯೊಂದರ ಜಾಹೀರಾತಿನಿಂದ ಅಮಿತಾಭ್ ಬಚ್ಚನ್ 2021ರಲ್ಲಿ ಹಿಂದೆ ಸರಿದಾಗ ಪಡೆದ ಹಣವನ್ನು ಮರಳಿಸಿದರು. 2022ರಲ್ಲಿ ಅಕ್ಷಯ್ ಕುಮಾರ್ ಅಂಥದೇ ಜಾಹೀರಾತಿಗಾಗಿ ಅಭಿಮಾನಿಗಳ ಕ್ಷಮೆ ಕೇಳಿ, ಆ ಸಂಭಾವನೆಯನ್ನು ಸತ್ಕಾರ್ಯಕ್ಕೆ ಕೊಡುವುದಾಗಿ ಹೇಳಿದರು. ಆದರೆ ಒಪ್ಪಂದದ ಅವಧಿ ಮುಗಿಯುವವರೆಗೆ ಜಾಹೀರಾತು ಪ್ರಸಾರವಾಗಬಹುದು ಎಂದೂ ಸೇರಿಸಿದರು. ಕಿಸೆಗೆ ನೋವಾದಷ್ಟು ಮಟ್ಟಿಗೆ ಆ ಕ್ಷಮೆಗಳಿಗೆ ತೂಕವಿತ್ತು.

ಇನ್ನು ನಮ್ಮ ಕೈಯಲ್ಲಿರುವುದೇನು? ಮೊದಲು, ಬೇಗ ಮರೆಯದಿರುವುದು. ಜನರ ನೆನಪು ಅಲ್ಪಾಯು ಎಂಬ ನಂಬಿಕೆಯ ಮೇಲೆಯೇ ಈ ಉದ್ಯೋಗ ನಿಂತಿದೆ. ಎರಡನೆಯದಾಗಿ, ಕಾನೂನನ್ನು ಬಳಸುವುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಕಂಪನಿಯ ಮೇಲಷ್ಟೇ ಅಲ್ಲ, ಅದರಲ್ಲಿ ನಟಿಸಿದ ತಾರೆಯ ಮೇಲೂ ಹತ್ತು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಬಿಲ್ಲನ್ನು ಜೋಪಾನವಾಗಿಟ್ಟುಕೊಂಡು ದೂರು ಕೊಡಿ. ಮೂರನೆಯದಾಗಿ, ಸಂಜೆಯ ಊಟದ ಹೊತ್ತಿಗೆ ದೂರದರ್ಶನದಲ್ಲಿ ಯಾರೋ ಪ್ರಸಿದ್ಧರು ಕಣ್ಣೀರಿಟ್ಟು ಕ್ಷಮೆ ಕೇಳಿದರೆ ಮಕ್ಕಳೊಡನೆ ಕುಳಿತು ವಿಚಾರಿಸಿ. ಇವರು ಮಾಡಿದ ತಪ್ಪೇನೆಂದು ಹೇಳಿದರೇ? ನೊಂದವರ ಹೆಸರು ಎತ್ತಿದರೇ? ಏನನ್ನು ಹಿಂದಿರುಗಿಸಿದರು? ಸಿಕ್ಕಿಬೀಳದಿದ್ದರೂ ಇದನ್ನು ಹೇಳುತ್ತಿದ್ದರೇ?

ಇದೇ ಪ್ರಶ್ನೆಗಳು ನಮ್ಮ ಮನೆಗಳಿಗೂ ಸಲ್ಲುತ್ತವೆ. ಮನೆತನದ ಮಾನ ಹೋಗುತ್ತದೆಂದು ಕುಡಿದು ಹೊಡೆಯುವ ಗಂಡನನ್ನು ಮುಚ್ಚಿಡುವ, ಮೋಸ ಹೋದ ಮಗಳ ಬಾಯಿಗೆ ಬೀಗ ಹಾಕುವ ಕುಟುಂಬ ತನಗೆ ಅರಿವಿಲ್ಲದೆಯೇ ಆ ಸಲಹೆಗಾರರ ವಿದ್ಯೆಯನ್ನೇ ಅಭ್ಯಾಸ ಮಾಡುತ್ತಿರುತ್ತದೆ. ನಡತೆ ನೆಟ್ಟಗಾಗಲಿ, ನೆರಳಿನ ಚಿಂತೆ ನೆರಳಿಗೇ ಇರಲಿ.