ಬಿಸಾಡುವ ಹಲ್ಲಿನ ಕೆಲಸ

ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1965ರಲ್ಲಿ ತಮ್ಮ ಮೊದಲ ರೋಗಿಯ ದವಡೆಗೆ ಟೈಟೇನಿಯಂ ತಿರುಪು, ಅಂದರೆ ಇಂಪ್ಲಾಂಟ್, ಕೂರಿಸಿದರು. ಮೂಳೆ ಆ ಲೋಹದೊಡನೆ ಬೆಸೆದುಕೊಳ್ಳುವವರೆಗೆ ವಸಡು ಹೊಲಿದು ಕಾಯುವುದು ಅವರ ಪದ್ಧತಿಯಾಗಿತ್ತು: ಕೆಳದವಡೆಗೆ ಸುಮಾರು 3 ತಿಂಗಳು, ಮೇಲ್ದವಡೆಗೆ 6. ಮುಂದಿನ ಹಲ್ಲು ಕಳೆದುಕೊಂಡವರು ಅಷ್ಟು ಕಾಲ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಲಾದೀತೆ? ತಾತ್ಕಾಲಿಕ ಕ್ಯಾಪ್ ಅವರಿಗೆ ಬೇಕೇ ಬೇಕು. ಆದರೆ ಅದನ್ನು ಬರೀ ತೋರಿಕೆಯದು ಎಂದುಕೊಂಡರೆ ತಪ್ಪು. ಇಂಪ್ಲಾಂಟ್ ಚಿಕಿತ್ಸೆಯ ಸೊಗಸು ಬಹುಮಟ್ಟಿಗೆ ತೀರ್ಮಾನವಾಗುವುದು ಈ ಬಿಸಾಡುವ ಹಲ್ಲಿನಲ್ಲೇ.

ಇಂಪ್ಲಾಂಟ್ ಮೂಳೆಯಲ್ಲಿ ಬಿಗಿಯಾಗಿ ಕೂತಿದ್ದರೆ ಮಾತ್ರ ಅದನ್ನು ಹಾಕಿದ ದಿನವೇ ಕ್ಯಾಪ್ ಕೊಡುತ್ತಾರೆ. ಅದೂ ಎದುರು ಹಲ್ಲಿಗೆ ತಾಗದಷ್ಟು ಗಿಡ್ಡಗೆ. ಏಕೆಂದರೆ ಇಂಪ್ಲಾಂಟ್ ಸುಮಾರು 150 ಮೈಕ್ರಾನಿಗಿಂತ ಹೆಚ್ಚು ಅಲುಗುತ್ತಿದ್ದರೆ ಸುತ್ತ ಮೂಳೆಯ ಬದಲು ನಾರಿನಂಥ ಅಂಗಾಂಶ ಬೆಳೆದುಬಿಡುತ್ತದೆ.

ತಯಾರಿಯಲ್ಲಿ ಕೈಚಳಕ ಬೇಕು. ಇಂಪ್ಲಾಂಟಿನ ಮೇಲೆ ಪುಟ್ಟ ಟೈಟೇನಿಯಂ ಕೊಳವೆ ಕೂರಿಸಿ, ಅದರ ಬೂದುಬಣ್ಣ ಕಾಣದಂತೆ ಲೇಪ ಹಚ್ಚಿ, ಟೊಳ್ಳು ಅಕ್ರಿಲಿಕ್ ಹಲ್ಲನ್ನು ರೆಸಿನ್‌ನಿಂದ ಅಂಟಿಸುತ್ತಾರೆ. ಕಿತ್ತ ಹಲ್ಲು ಚೆನ್ನಾಗಿದ್ದರೆ ಅದನ್ನೇ ಕೊರೆದು ಬಳಸುವುದೂ ಉಂಟು. ಆಮೇಲೆ ಹೊರಗೆ ತೆಗೆದು ಸಂದು ತುಂಬಿ, ವಸಡಿನೊಳಗೆ ಇಳಿಯುವ ಭಾಗವನ್ನು ಗಾಜಿನಂತೆ ಹೊಳಪಿಸಬೇಕು. ಒರಟುಳಿದರೆ ಅಲ್ಲಿ ಕೊಳೆ ಕಟ್ಟಿ ವಸಡು ಊದುತ್ತದೆ. ಸಿಮೆಂಟಿನಿಂದ ಅಂಟಿಸುವುದಕ್ಕಿಂತ ಸ್ಕ್ರೂ ಹಾಕಿ ಬಿಗಿಯುವುದು ಒಳ್ಳೆಯದು. ವಸಡಿನಡಿ ಸಿಕ್ಕಿಕೊಂಡ ಸಿಮೆಂಟ್ ಇಂಪ್ಲಾಂಟಿಗೇ ಕುತ್ತು.

ಮುಖ್ಯ ಕೆಲಸ ಶುರುವಾಗುವುದು ಇನ್ನು ಮುಂದೆ. ಇಂಪ್ಲಾಂಟ್ ಸುಮಾರು 4 ಮಿಲಿಮೀಟರ್ ಅಗಲದ ದುಂಡನೆಯ ಕಂಬ. ನಮ್ಮ ಮೇಲ್ದವಡೆಯ ನಡು ಬಾಚಿಹಲ್ಲಿನ ಬುಡವಾದರೋ ಹೆಚ್ಚು ಅಗಲ, ತ್ರಿಕೋನದ ಆಕಾರ. ಈ ಎರಡರ ನಡುವಣ ವಸಡನ್ನು ಬಾಗಿಸುವುದು ತಾತ್ಕಾಲಿಕ ಕ್ಯಾಪೇ. ಕೆಲವು ವಾರಗಳಿಗೊಮ್ಮೆ ಅದರ ಬುಡಕ್ಕೆ ತುಸು ರೆಸಿನ್ ಸೇರಿಸಿ ವಸಡನ್ನು ಮೆಲ್ಲಗೆ ಒತ್ತುತ್ತಾರೆ. ಒತ್ತಿದಾಗ ಬಿಳಿಚಿಕೊಂಡ ವಸಡು ಹತ್ತು-ಹದಿನೈದು ನಿಮಿಷದಲ್ಲಿ ಮತ್ತೆ ಕೆಂಪಾಗದಿದ್ದರೆ ಒತ್ತಡ ಹೆಚ್ಚಾಯಿತೆಂದು ಅರ್ಥ. ಕ್ಯಾಪನ್ನು ತೆಗೆದು ತುಸು ಸವೆಸಬೇಕು. ಹೀಗೆ ಮೂಡಿದ ಆಕಾರವನ್ನು ಅಚ್ಚು ತೆಗೆದುಕೊಂಡೇ ಕೊನೆಯ ಜಿರ್ಕೋನಿಯಾ ಹಲ್ಲು ತಯಾರಾಗುವುದು.

ಆದ್ದರಿಂದ ಎರಡೆರಡು ಕ್ಯಾಪಿಗೆ ದುಡ್ಡೇಕೆ ಎಂದು ಚೌಕಾಸಿಗಿಳಿಯಬೇಡಿ. ಮುಂದಿನ ಹಲ್ಲಾದರೆ ತಾತ್ಕಾಲಿಕ ಕ್ಯಾಪನ್ನು ಕೇಳಿಯೇ ಹಾಕಿಸಿಕೊಳ್ಳಿ. ಅದು ಬಾಯಲ್ಲಿರುವಷ್ಟು ದಿನ ಚಕ್ಕುಲಿ, ಕೋಡುಬಳೆಗಳಿಂದ ದೂರವಿರಿ.