ಶಾಲೆಯ ರೊಕ್ಕ ಯಾರದು?



1856ರ ಜೂನ್. ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿರೆಂದು ಒಬ್ಬ ಮಹಾರ ಹುಡುಗನ ಅರ್ಜಿ ಬಂತು. ಮುಂಬಯಿ ಸರ್ಕಾರದ ತನಕ ಹೋಯಿತು. ನ್ಯಾಯ ಹುಡುಗನ ಕಡೆಗೇ ಇದೆ ಎಂದು ಸರ್ಕಾರ ಒಪ್ಪಿತು. ಒಪ್ಪಿಯೂ ಬಾಗಿಲು ತೆರೆಯಲಿಲ್ಲ. ಒಬ್ಬನ ಸಲುವಾಗಿ ಶಿಕ್ಷಣವೇ ಕೆಟ್ಟೀತು ಎಂದಿತು!

1858ರಲ್ಲಿ ಅದೇ ಸರ್ಕಾರ ಪ್ರಕಟಣೆ ಹೊರಡಿಸಿತು. ಪೂರಾ ಸರ್ಕಾರದ ಖರ್ಚಿನ ಶಾಲೆ ಎಲ್ಲ ಜಾತಿಗೂ ತೆರೆದಿರಬೇಕು. ಆದರೆ ಊರವರು ವಂತಿಗೆ ಕೊಟ್ಟ ಶಾಲೆಯಲ್ಲಿ, ಕೊಟ್ಟವರು ಬೇಡವೆಂದರೆ, ನಮ್ಮ ಮಕ್ಕಳನ್ನು ಕೂಡಿಸುವ ಇರಾದೆ ತನಗಿಲ್ಲ. ಅಂಥ ಶಾಲೆಯ ನೆರವು ನಿಲ್ಲಿಸುವ ಹಕ್ಕನ್ನು ಮಾತ್ರ ಕೈಯಲ್ಲಿಟ್ಟುಕೊಂಡಿತು. ಅಂದರೆ, ರೊಕ್ಕ ಕೊಟ್ಟವನ ಕೈಯಲ್ಲಿ ಕೀಲಿಕೈ.

ಹಾಗಾದರೆ ರೊಕ್ಕ ಕೊಟ್ಟವರು ಯಾರು?

1860ರ ದಶಕದಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಭೂಕಂದಾಯದ ರೂಪಾಯಿಗೆ ಒಂದಾಣೆ ಲೋಕಲ್ ಫಂಡ್ ಪಟ್ಟಿ ಹಾಕಿದರು. ಅದರಲ್ಲಿ ಮೂರನೇ ಒಂದು ಪಾಲು ಶಾಲೆಗಳಿಗೆ. ನಮ್ಮ ಗದಗ ಸೀಮೆಯ ಎರೆ ಹೊಲದಲ್ಲಿ ಹತ್ತಿ ಬಿಡಿಸಿದವರು ಯಾರು? ಜೋಳ ಕೊಯ್ದವರು ಯಾರು? ನಮ್ಮ ಮುತ್ಯಾ, ನಮ್ಮ ಆಯಿ. ರಶೀದಿ ಗೌಡನ ಹೆಸರಿಗೆ, ಬೆವರು ನಮ್ಮದು. ದುಡಿಯುವವರ ಕಂದಾಯದಲ್ಲಿ ಮೇಲಿನವರು ಓದುತ್ತಿದ್ದಾರೆಂದು 1882ರಲ್ಲಿ ಜೋತಿಬಾ ಫುಲೆ ಹಂಟರ್ ಆಯೋಗಕ್ಕೆ ಬರೆದುಕೊಟ್ಟರು.

1927ರಲ್ಲಿ ಬಾಬಾಸಾಹೇಬರು ಮುಂಬಯಿ ಶಾಸನ ಸಭೆಯಲ್ಲಿ ಲೆಕ್ಕ ಬಿಚ್ಚಿಟ್ಟರು. ಶಿಕ್ಷಣಕ್ಕೆ ತಲೆಗೆ 14 ಆಣೆ ಖರ್ಚು. ಅಬಕಾರಿಯಿಂದ ತಲೆಗೆ 2 ರೂಪಾಯಿಗೂ ಮಿಕ್ಕಿ ವಸೂಲಿ. ಸೆರೆ ಅಂಗಡಿಯಲ್ಲಿ ನಮ್ಮ ರೊಕ್ಕಕ್ಕೆ ಮೈಲಿಗೆಯಿಲ್ಲ. ಶಾಲೆಯ ಬಾಗಿಲಲ್ಲಿ ನಮ್ಮ ಮಕ್ಕಳಿಗೆ ಮೈಲಿಗೆ!

ಇದು ಬ್ರಿಟಿಷರ ಕಾಲದ ಕತೆ ಅಂತ ಮಡಚಿಡಬೇಡಿ. 2013ರಲ್ಲಿ ಕರ್ನಾಟಕದಲ್ಲಿ ಪರಿಶಿಷ್ಟರ ಉಪಯೋಜನೆ ಕಾಯ್ದೆ ಬಂತು. ಜನಸಂಖ್ಯೆಗೆ ತಕ್ಕ ಪಾಲು ಅಂದರು. ಅದರೊಳಗೇ 7(ಡಿ) ಎಂಬ ಕಂಡಿ ಬಿಟ್ಟರು. ಎಲ್ಲರಿಗಾಗಿ ಮಾಡಿದ ಕೆಲಸದ ಖರ್ಚನ್ನೂ ನಮ್ಮ ಲೆಕ್ಕಕ್ಕೆ ಬರೆಯಬಹುದಿತ್ತು. ಆ ಕಂಡಿ ಮುಚ್ಚಲು 2023ರ ತನಕ ಹತ್ತು ವರ್ಷ ಬೇಕಾಯಿತು.

ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ತಾಟಿಗೆ ನೀರುಸಾರು ಬಿದ್ದಾಗ "ಸರ್ಕಾರ ಪುಕ್ಕಟೆ ಕೊಡತೈತಿ, ಸುಮ್ನ ಉಣ್ರಿ" ಅಂತಾರಲ್ಲ? ಪುಕ್ಕಟೆ ಅಲ್ರೀ. ನಮ್ಮ ಮುತ್ಯಾ ಎಂದೋ ಮುಂಗಡ ಕೊಟ್ಟಾನ. ಎಷ್ಟು ಬಂತು, ಎಲ್ಲಿ ಹೋಯಿತು, ಬರೆದು ಕೇಳಿ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿಗೆ 10 ರೂಪಾಯಿ.

ಅಂದು ಧಾರವಾಡದಲ್ಲಿ ಒಂದೇ ಅರ್ಜಿ ಇತ್ತು. ಅದಕ್ಕೇ "ಒಬ್ಬನ ಸಲುವಾಗಿ" ಅಂದರು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಒಂದೊಂದು ಹಾಸ್ಟೆಲಿನಿಂದ ಒಂದೊಂದು ಅರ್ಜಿ ಹೋಗಲಿ. ಆಗ ಏನನ್ನುತ್ತಾರೋ ನೋಡೋಣ.

ಜೈ ಭೀಮ್.